ಕಾಲು ಕಟ್ಟಿಸಿಕೊಂಡವನ ಮಾಸಾಶನ

ಮಾಸಾಶನ ಶಾಖೆಗೆ ಹೊಸದಾಗಿ ಬರುವವರಿಗೆ ಮಂಜೂರಾತಿ ಹೇಗೆ ಕೊಡಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ಅರ್ಜಿ, ರೇಷನ್ ಕಾರ್ಡು, ಡಾಕ್ಟರ ಸರ್ಟಿಫಿಕೇಟು, ಗ್ರಾಮ ಲೆಕ್ಕಿಗರ ವರದಿ ಇಷ್ಟಿದ್ದರೆ ಸಾಹೇಬರ ಸಹಿ ಬೀಳುತ್ತದೆ. ಬಂದವರು ಕೈಮುಗಿದು ಹೋಗುತ್ತಾರೆ. ಆದರೆ ಕೊಟ್ಟದ್ದು ಹೆಚ್ಚಾಯಿತು, ವಾಪಸು ಕೊಡಿ ಎಂದು ಅದೇ ಜನರನ್ನು ಕೇಳುವುದು ಹೇಗೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೂ ಹೇಳಿಕೊಡುವವರು ಇದ್ದಾರೆಂದು ನನಗನ್ನಿಸುವುದಿಲ್ಲ. ಹಾಗಾಗಿ ಕಂಡದ್ದನ್ನು ಬರೆದಿಡುತ್ತಿದ್ದೇನೆ.

ನಾನು ಕಾರವಾರದ ಕೋಡಿಬಾಗದವಳು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ. ನೌಕರಿಯ ಬಹುಪಾಲು ಕಾಲ ಕಾರವಾರ, ಅಂಕೋಲೆಗಳ ನಡುವೆ ಬಸ್ಸಿನಲ್ಲೇ ಕಳೆಯಿತು. ಯಾವ ಕಚೇರಿ, ಯಾವ ಸಾಹೇಬರು ಎಂದು ಹೆಸರು ಹಿಡಿದು ಹೇಳುವುದಿಲ್ಲ. ಶಾಲೆಯ ಟೀಚರನ್ನು ಕರೆಯುವ ಹಾಗೆಯೇ ಹಳ್ಳಿಯವರು ನನ್ನನ್ನೂ ‘ಅಕ್ಕೋರೆ’ ಎನ್ನುತ್ತಿದ್ದರು. ಟೇಬಲ್ಲಿನ ಆಚೆ ಕೂತವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಆ ಕರೆಯಲ್ಲಿತ್ತು. ಎಷ್ಟು ಕಡಿಮೆ ಗೊತ್ತಿತ್ತೆಂದು ನನಗೆ ತಿಳಿದಿತ್ತು.

ಆಗೆಲ್ಲ ಮಾಸಾಶನ ಮನಿಯಾರ್ಡರಿನಲ್ಲಿ ಹೋಗುತ್ತಿತ್ತು. ಯಾರು ಹಾಸಿಗೆ ಹಿಡಿದರು, ಯಾರು ಮಗಳ ಮನೆ ಸೇರಿದರು ಎಂಬುದೆಲ್ಲ ಪೋಸ್ಟ್‌ಮನ್ನಿಗೆ ಗೊತ್ತಿರುತ್ತಿತ್ತು. ನಮಗೆ ಅನುಮಾನ ಬಂದರೆ ಅವನನ್ನೇ ಕೇಳುತ್ತಿದ್ದೆವು. ಮುಂದೆ ಕಂಪ್ಯೂಟರ್ ಬಂತು, ಬ್ಯಾಂಕ್ ಖಾತೆ ಬಂತು. ಕೆಲಸ ಚುರುಕಾಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ‘ತಡೆಹಿಡಿ’ ಎಂದು ಒಮ್ಮೆ ಒತ್ತಿದರೆ ಅದನ್ನು ಮತ್ತೆ ಚಾಲೂ ಮಾಡಿಸಲು ಬೆಂಗಳೂರಿನ ತನಕ ಕಾಗದ ಓಡಬೇಕಾಗುತ್ತಿತ್ತು.

ಮೊದಲು ಒಂದು ನಗು ಬರಿಸುವ ಪ್ರಸಂಗ ಹೇಳುತ್ತೇನೆ. ಪಾಂಡುರಂಗ ಎಂಬೊಬ್ಬರಿದ್ದರು. ಚಿಕ್ಕಂದಿನಿಂದ ಎಡಗೈ ಸ್ವಾಧೀನದಲ್ಲಿರಲಿಲ್ಲ. ಮಲ್ಲಾಪುರದ ಕಾಲನಿ ಹತ್ತಿರ ಝೆರಾಕ್ಸ್ ಅಂಗಡಿ ಹಾಕಿದರು, ವ್ಯಾಪಾರ ಹತ್ತಿತು. ಒಂದು ದಿನ ನಮ್ಮ ಕಚೇರಿಗೆ ಬಂದು, “ಇನ್ನು ನಂಗೆ ಮಾಸಾಶನ ಬ್ಯಾಡ ಅಕ್ಕೋರೆ. ಆದಾಯ ಅದೆ. ಮತ್ಯಾರಿಗಾದ್ರೂ ಕೊಡಿ” ಎಂದರು. ನಮಗೆ ದಿಕ್ಕು ತೋಚಲಿಲ್ಲ. ಬೇಡ ಎನ್ನುವವರಿಗೆ ಯಾವ ನಮೂನೆಯೂ ಇರಲಿಲ್ಲ. ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಮೇಲಕ್ಕೆ ಕಳಿಸಿದೆವು. ಆ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತಿದ್ದಷ್ಟು ಕಾಲ ಮನಿಯಾರ್ಡರ್ ಹೋಗುತ್ತಲೇ ಇತ್ತು. ಕೊನೆಗೆ ನಿಂತಾಗ, ಬೇಡವೆಂದ ಮೇಲೂ ಪಡೆದ ಹಣವನ್ನು ಕಟ್ಟಬೇಕೆಂದು ಅವರಿಗೇ ವಸೂಲಿ ನೋಟಿಸು ಹೋಯಿತು. ಆ ನೋಟಿಸನ್ನು ತಮ್ಮ ಅಂಗಡಿಯಲ್ಲೇ ಝೆರಾಕ್ಸ್ ಮಾಡಿಕೊಂಡು ಬಂದು ನನ್ನೆದುರು ಹಿಡಿದು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ದುಡ್ಡು ಕಟ್ಟಿದರು. ನಾವೂ ನಕ್ಕೆವು. ಅಂಗಡಿ ನಡೆಯುತ್ತಿತ್ತು, ಅದಕ್ಕೆ ನಗಲು ಆಯಿತು ಎಂದು ನನಗೆ ಹೊಳೆದದ್ದು ದೇವುವಿನ ಪ್ರಕರಣದ ನಂತರ.

ದೇವು ಅಂಕೋಲೆ ಹತ್ತಿರದ ಬಾಳೆಗುಳಿಯವನು. ಪೂರ್ತಿ ಹೆಸರು ದೇವಿದಾಸ. ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಬಂದರಿನ ಕಡೆ ಹೋಗುತ್ತಿದ್ದ ವರ್ಷಗಳು ಅವು. ರಸ್ತೆ, ಮರ, ಮನೆಯ ಹಂಚು ಎಲ್ಲ ಕೆಂಪಾಗಿರುತ್ತಿದ್ದವು. ದೇವು ಆ ಲಾರಿಗಳಿಗೆ ತಾಡಪಾಲು ಕಟ್ಟುವ ಕೂಲಿ. ಒಂದು ದಿನ ಹಿಂದಕ್ಕೆ ಬಂದ ಲಾರಿ ಅವನನ್ನು ಗೋಡೆಗೆ ಒತ್ತಿತು. ಬಲಗಾಲನ್ನು ತೊಡೆಯ ಅರ್ಧಕ್ಕೆ ಕತ್ತರಿಸಬೇಕಾಯಿತು. ಹೆಂಡತಿ ಲೀಲಾ ಅವನ ಅರ್ಜಿ ಹಿಡಿದು ನನ್ನ ಹತ್ತಿರ ಬಂದಾಗ ಕಂಕುಳಲ್ಲಿ ಹಾಲು ಕುಡಿಯುವ ಮಗಳಿದ್ದಳು. ಊನದ ಪ್ರಮಾಣ ಹೆಚ್ಚು ಎಂದು ಸರ್ಟಿಫಿಕೇಟಿನಲ್ಲಿದ್ದುದರಿಂದ ಹೆಚ್ಚಿನ ದರದ ಮಾಸಾಶನ ಮಂಜೂರಾಯಿತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಒಂದೆರಡು ವರ್ಷದ ಮೇಲೆ ಕಾರವಾರದಲ್ಲಿ ಕೃತಕ ಕಾಲು ಜೋಡಿಸುವ ಪುಕ್ಕಟೆ ಶಿಬಿರ ಆಯಿತು. ದೇವುವಿಗೂ ಅಳತೆ ತೆಗೆದು ಕಾಲು ಮಾಡಿಕೊಟ್ಟರು. ಮೊದಲ ತಿಂಗಳುಗಳಲ್ಲಿ ತೊಡೆ ಉಜ್ಜಿ ಗಾಯವಾಗುತ್ತಿತ್ತು, ಬೀಳುತ್ತಿದ್ದ. ಬೆಳಿಗ್ಗೆ ಎದ್ದು ಗದ್ದೆಯ ಹಾಳಿ, ಅಂದರೆ ಬದುವಿನ ಮೇಲೆ ನಡೆದು ನಡೆದು ಕಲಿತನಂತೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಪ್ಯಾಂಟು ತೊಟ್ಟು, ಕೈಯಲ್ಲೊಂದು ಕೋಲು ಹಿಡಿದು ದೇವು ನಿಂತಿದ್ದ. ಮಾವಿನ ಹಣ್ಣಿನ ಒಂದು ಸಣ್ಣ ಕೈಚೀಲವೂ ಇತ್ತು.

“ಅಕ್ಕೋರೆ, ಕೂತ್ಕಂಡೇ ನೋಡಿ, ಏಳ್ಬೇಡಿ” ಎಂದು ಬಾಗಿಲಿನಿಂದ ನನ್ನ ಟೇಬಲ್ಲಿನ ತನಕ ನಡೆದು ಬಂದ. ಸೊಂಟ ಎತ್ತಿ, ಕಾಲನ್ನು ಮುಂದಕ್ಕೆ ಬೀಸಿ ಇಡುವ ನಡಿಗೆ. ನಮ್ಮ ಶಾಖೆಯವರೆಲ್ಲ ಡಬ್ಬಿ ಬಿಟ್ಟು ನೋಡುತ್ತಿದ್ದೆವು. ಯಾರೋ ಚಪ್ಪಾಳೆ ತಟ್ಟಿದರು.

“ಈಶಾಡು ಹಣ್ಣು. ಲೀಲಾ ಕೊಟ್ಟದೆ. ಲಂಚ ಅಲ್ಲ, ನಾ ನಡ್ಕಂಡಿ ತಂದೆ ಹೇಳಿ ಕೊಡೂದು” ಎಂದ.

ಲೀಲಾ ಬಾಳೆಗುಳಿಯ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಹಣ್ಣು, ತರಕಾರಿ ಮಾರುತ್ತಿದ್ದಳು. ಅವನು ಮಗಳನ್ನು ಅಂಗನವಾಡಿಗೆ ನಡೆಸಿಕೊಂಡು ಹೋಗಿ ಬಿಟ್ಟು, ಅಲ್ಲಿಂದ ಲೀಲಾಳ ಹತ್ತಿರ ಹೋಗಿ ಕೂರುತ್ತಿದ್ದ. ನನ್ನ ಬಸ್ಸು ಆ ತಿರುವು ದಾಟುವಾಗ ಕೆಲವು ದಿನ ಇಬ್ಬರೂ ಕಾಣುತ್ತಿದ್ದರು. ಕೋಲು ಎತ್ತಿ ತೋರಿಸುತ್ತಿದ್ದ.

ಮುಂದಿನ ವರ್ಷ ಅನರ್ಹ ಫಲಾನುಭವಿಗಳನ್ನು ಪತ್ತೆ ಹಚ್ಚಬೇಕೆಂದು ಮೇಲಿನಿಂದ ಆದೇಶ ಬಂತು. ಅದೇ ಸಮಯಕ್ಕೆ ದೇವುವಿನ ಮೇಲೆ ಸಹಿ ಇಲ್ಲದ ಒಂದು ದೂರೂ ಬಂತು: ನಡೆದಾಡುವವನಿಗೆ ನಡೆಯಲಾಗದವರ ದುಡ್ಡು ಕೊಡುತ್ತಿದ್ದೀರಿ ಎಂದು. ಯಾರು ಬರೆದರೋ ತಿಳಿಯಲಿಲ್ಲ. ಮರುತಪಾಸಣೆ ಶಿಬಿರಕ್ಕೆ ಅವನನ್ನೂ ಕರೆಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲು ಹಾಕಿಕೊಂಡೇ ಹೋದ. ಹೊರಗೆ ಸಾಲು ಉದ್ದವಿತ್ತು. ಡಾಕ್ಟರು ಅವನನ್ನು ಬಾಗಿಲಿನಿಂದ ಟೇಬಲ್ಲಿಗೆ ನಡೆಸಿ ನೋಡಿ, ಪ್ಯಾಂಟು ಕೂಡ ತೆಗೆಸದೆ, ಊನದ ಪ್ರಮಾಣ ಇಳಿಸಿ ಬರೆದುಕೊಟ್ಟರು. ‘ಕೃತಕ ಕಾಲಿನಿಂದ ಚೆನ್ನಾಗಿ ನಡೆಯುತ್ತಾರೆ’ ಎಂದು ಷರಾ ಹಾಕಿದರು.

ಅದರ ಮೇಲೆ ನಮ್ಮ ಕಚೇರಿಯಿಂದ ಆದೇಶ ಹೊರಟಿತು. ಕಾಲು ಜೋಡಿಸಿಕೊಂಡ ದಿನದಿಂದ ಹೆಚ್ಚಿನ ದರದಲ್ಲಿ ಕೊಟ್ಟದ್ದು ಅಧಿಕ ಪಾವತಿ, ಅದನ್ನು ವಸೂಲು ಮಾಡತಕ್ಕದ್ದು, ಅಲ್ಲಿಯ ತನಕ ಮಾಸಾಶನ ತಡೆಹಿಡಿಯತಕ್ಕದ್ದು. ಅದರಲ್ಲಿ ಒಂದು ಸಾಲಿತ್ತು: ‘ಸದರಿಯವರು ಖುದ್ದಾಗಿ ಕಚೇರಿಗೆ ನಡೆದು ಬಂದಿರುವುದನ್ನು ಸಿಬ್ಬಂದಿ ಕಣ್ಣಾರೆ ಕಂಡಿರುತ್ತಾರೆ.’ ಆ ಸಾಲನ್ನು ನಾನು ಹಾಕಿದ್ದಲ್ಲ. ಆದರೆ ಆ ಸಿಬ್ಬಂದಿಯಲ್ಲಿ ನಾನೂ ಒಬ್ಬಳಾಗಿದ್ದೆ.

ಕಡತ ಹಿಡಿದು ಸಾಹೇಬರ ಕೋಣೆಗೆ ಹೋದೆ. ಅವರು ಘಟ್ಟದ ಮೇಲಿನವರು, ಮೃದು ಮಾತಿನವರು.

“ಸರ್, ಕಾಲು ಹೋದದ್ದು ಹೋದದ್ದೇ ಅಲ್ವಾ? ರಾತ್ರಿ ಬಿಚ್ಚಿಟ್ಟರೆ ಅವನು ತೆವಳಬೇಕು.”

“ಮೇಡಂ, ಕಣ್ಣು ಪರೀಕ್ಷೆ ಮಾಡುವಾಗ ಕನ್ನಡಕ ಹಾಕಿಸಿಯೇ ಅಳೀತಾರೆ. ಕನ್ನಡಕ ಹಾಕಿದಾಗ ಕಂಡ್ರೆ ಅವನು ಕುರುಡ ಅಲ್ಲ. ಕಾಲಿಗೆ ಬೇರೆ ನ್ಯಾಯ ಯಾಕೆ?”

ಕಡತ ಎತ್ತಿಕೊಂಡು ಹೊರಗೆ ಬಂದೆ. ಅವರನ್ನು ಕೆಟ್ಟವರೆಂದು ನಾನು ಇಂದಿಗೂ ಹೇಳಲಾರೆ. ಹಿಂದೆ ಕೆಲಸ ಮಾಡಿದ ಕಡೆ ಅನರ್ಹರಿಗೆ ಹೋದ ಹಣವನ್ನು ಅವರ ಸಂಬಳದಿಂದಲೇ ಕಡಿದಿದ್ದರಂತೆ. ಒಮ್ಮೆ ಹಾಗಾದವರು ಪ್ರತಿ ಸಹಿಗೂ ಮೊದಲು ಆಡಿಟ್ಟನ್ನು ನೆನೆಯುತ್ತಾರೆ.

ಮರುದಿನ ಕಾರವಾರದಲ್ಲಿ ಮೂಳೆ ಡಾಕ್ಟರೊಬ್ಬರನ್ನು ಹೋಗಿ ಕಂಡೆ. ನಮ್ಮ ಓಣಿಯವರೇ. ಸಾಹೇಬರ ಕನ್ನಡಕದ ಮಾತು ಹೇಳಿದೆ.

“ಕಣ್ಣಿನ ಲೆಕ್ಕ ಹಾಗೇ ಇದೆ, ನಿಮ್ಮ ಸಾಹೇಬರು ತಪ್ಪು ಹೇಳಿಲ್ಲ” ಎಂದರು ಅವರು. “ಆದರೆ ಕಾಲಿನ ಲೆಕ್ಕ ಬೇರೆ. ಎಲ್ಲಿಂದ ಕತ್ತರಿಸಿದ್ದಾರೆ ಅನ್ನೋದೇ ಅಳತೆ. ಮರದ್ದು ಹಾಕಿಕೊಳ್ಳಲಿ, ಬೆಳ್ಳಿಯದ್ದು ಹಾಕಿಕೊಳ್ಳಲಿ, ಪ್ರಮಾಣ ಇಳಿಯೋದಿಲ್ಲ. ನನ್ನನ್ನು ಕಚೇರಿಯಿಂದ ಕೇಳಲಿ, ಬರೆದುಕೊಡ್ತೇನೆ.” ಎದ್ದು ಹೊರಡುವಾಗ ಮತ್ತೊಂದು ಮಾತು ಹೇಳಿದರು: “ಅವನಿಗೆ ದಿನಾ ಕಾಲು ಹಾಕಿಕೊಂಡು ನಡೀಲಿಕ್ಕೆ ಹೇಳಿ. ಮಂಡಿಯಿಂದ ಮೇಲೆ ಕತ್ತರಿಸಿದವರು ಸುಮ್ಮನೆ ಕೂತುಬಿಟ್ಟರೆ ಸೊಂಟದ ಕೀಲು ಮಡಚಿಕೊಂಡು ಹಾಗೇ ಬಿಗಿದುಹೋಗುತ್ತೆ. ಆಮೇಲೆ ಯಾವ ಕಾಲೂ ಕೂರೋದಿಲ್ಲ.”

ಖುಷಿಯಿಂದ ಸಾಹೇಬರಿಗೆ ಬಂದು ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೂತರು. “ಒಬ್ಬ ಡಾಕ್ಟರ ಸಹಿ ಇರುವಾಗ ಇನ್ನೊಬ್ಬರನ್ನು ಕೇಳಿದರೆ, ಯಾರ ಹಿತಕ್ಕೆ ಕೇಳಿದಿರಿ ಅಂತ ಆಡಿಟ್‌ನವರು ಕೇಳ್ತಾರೆ ಮೇಡಂ. ಅವನು ಮೇಲ್ಮನವಿ ಹಾಕಲಿ. ಮೇಲಿನವರು ಬದಲಿಸಿದರೆ ನನಗೂ ಸಂತೋಷ.”

ಮೇಲ್ಮನವಿ ಬರೆಯಲು ಒಬ್ಬ ಅರ್ಜಿ ಬರೆಯುವವರಿಗೆ ಹೇಳಿಕೊಟ್ಟೆ. ಅದನ್ನು ಕಾರವಾರದ ಮೇಲಿನ ಕಚೇರಿಗೆ ಸಲ್ಲಿಸಿದ್ದೂ ಆಯಿತು. ಆದರೆ ಅದಕ್ಕೆ ಸಹಿ ಹಾಕಲು ಕಚೇರಿಗೆ ಬಂದಿದ್ದ ದೇವುವನ್ನು ನೋಡಿ ನಾನು ನಿಂತಲ್ಲೇ ನಿಂತೆ. ಎರಡು ಕಂಕುಳಲ್ಲೂ ಊರುಗೋಲು. ಪ್ಯಾಂಟಿನ ಬದಲು ಲುಂಗಿ. ಬಲಗಡೆ ಖಾಲಿ.

“ಕಾಲು ಎಲ್ಲಿ ದೇವು?”

“ಮನೇಲಿ ಅದೆ. ಅಟ್ಟದ ಮ್ಯಾಲೆ ಇಟ್ಟೆ.”

“ಯಾಕೆ? ಮುರೀತಾ?”

“ಇಲ್ಲ ಅಕ್ಕೋರೆ. ಅದ್ನ ಹಾಕ್ಕಂಡಿ ಬಂದ್ರೆ ಕಾಲಿಲ್ಲ ಹೇಳಿ ಹೆಂಗೆ ಹೇಳೂದು? ನಡ್ದದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು? ಯಾರೋ ನೋಡ್ತಾ ಇರ್ತ್ರು. ಮತ್ತೆ ಬರೀತ್ರು.”

ಡಾಕ್ಟರು ಹೇಳಿದ್ದೆಲ್ಲವನ್ನೂ ಅವನಿಗೆ ಹೇಳಿದೆ. ಸೊಂಟ ಬಿಗಿಯುವ ಮಾತನ್ನು ಎರಡು ಸಲ ಹೇಳಿದೆ. ಕಾಲು ಹಾಕಿಕೊಂಡರೆ ಪ್ರಮಾಣ ಇಳಿಯುವುದಿಲ್ಲ, ಕೇಸು ನಿನ್ನ ಕಡೆಗೇ ಆಗುತ್ತದೆ ಎಂದೆ.

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. “ಬರ್ದು ಕೊಡ್ತ್ರಾ?” ಎಂದ. ಜಗಳದ ದನಿ ಅಲ್ಲ, ವಿಳಾಸ ಕೇಳುವವರ ಹಾಗೆ ಕೇಳಿದ.

“ಏನು?”

“ಕಾಲು ಹಾಕ್ಕಂಡಿ ತಿರಗಾಡಿದ್ರೆ ತೊಂದ್ರೆ ಇಲ್ಲ ಹೇಳಿ. ಒಂದು ಚೀಟಿ ಸಾಕು. ಯಾರಾದ್ರೂ ಕೇಳಿದ್ರೆ ತೋರ್ಸ್ತೆ.”

ಅಂಥ ಚೀಟಿ ಬರೆಯುವ ಅಧಿಕಾರ ನನಗಿರಲಿಲ್ಲ. ನಮ್ಮದೇ ಕಚೇರಿಯ ಆದೇಶದ ವಿರುದ್ಧ ಶಾಖೆಯ ಗುಮಾಸ್ತೆಯೊಬ್ಬಳು ಬರೆದ ಚೀಟಿಗೆ ಬೆಲೆಯೂ ಇರುತ್ತಿರಲಿಲ್ಲ. ಅದನ್ನೇ ಅವನಿಗೆ ಹೇಳಿದೆ.

“ಹಾಂಗಾದ್ರೆ ಅಟ್ಟದ ಮ್ಯಾಲೇ ಇರ್ಲಿ” ಎಂದ.

ಅವನು ಮೆಟ್ಟಿಲು ಇಳಿಯುತ್ತಿದ್ದಾಗ ಜೊತೆಗೆ ಬಂದಿದ್ದ ಲೀಲಾ ಹಿಂದೆ ಉಳಿದಳು. “ನಾ ಹೇಳಿದ್ರೆ ಕೇಳೂದಿಲ್ಲ ಅಕ್ಕೋರೆ. ಮಗಳು ಅಪ್ಪಾ ಬಾ ಹೇಳಿ ಕೈ ಎಳೀತದೆ, ಅವ್ಳಿಗೂ ಬೈತ್ರು. ನೀವು ಎಂತಾದ್ರೂ ಬರೀರಿ. ಕಚೇರಿ ಸಿಕ್ಕೆ ಬ್ಯಾಡ, ಸಹಿನೂ ಬ್ಯಾಡ. ನಿಮ್ಮ ಅಕ್ಷರ ನೋಡಿದ್ರೆ ಅವ್ರು ನಂಬ್ತ್ರು.”

“ಹಾಗೆಲ್ಲ ಬರೆಯುವ ಹಾಗಿಲ್ಲ ಲೀಲಾ. ಸ್ವಲ್ಪ ದಿನ ತಡ್ಕೊ. ಬೇಗ ತೀರ್ಮಾನ ಆಗ್ತದೆ” ಎಂದೆ.

ಬೇಗ ಆಗಲಿಲ್ಲ. ಮೇಲಿನ ಕಚೇರಿಯಲ್ಲಿದ್ದವರು ವರ್ಗವಾದರು. ಜಾಗ ಖಾಲಿ ಇತ್ತು. ಪ್ರಭಾರ ವಹಿಸಿಕೊಂಡವರು ಇಂಥ ಪ್ರಕರಣ ಮುಟ್ಟಲಿಲ್ಲ. ಮಳೆಗಾಲ ಬಂತು, ಗುಡ್ಡ ಕುಸಿದ ಕಡೆಗೆಲ್ಲ ಎಲ್ಲರನ್ನೂ ಓಡಿಸಿದರು. ಚುನಾವಣೆ ಬಂತು. ನಾನು ಕಾರವಾರಕ್ಕೆ ಹೋದಾಗಲೆಲ್ಲ ಆ ಕಚೇರಿಯ ಶಾಖೆಯಲ್ಲಿ ವಿಚಾರಿಸುತ್ತಿದ್ದೆ. ‘ಮುಂದಿನ ವಾಯಿದೆ ಹಾಕಿದ್ದೇವೆ’ ಎನ್ನುತ್ತಿದ್ದರು. ಬಾಳೆಗುಳಿಯ ತಿರುವಿನಲ್ಲಿ ಲೀಲಾ ಒಬ್ಬಳೇ ಕೂತಿರುತ್ತಿದ್ದಳು. ನನ್ನ ಬಸ್ಸು ಕಂಡರೆ ಎದ್ದು ನಿಲ್ಲುತ್ತಿದ್ದಳು. ನಾನು ಕಿಟಕಿಯಿಂದ ಇನ್ನೂ ಇಲ್ಲ ಎಂದು ಕೈಯಾಡಿಸುತ್ತಿದ್ದೆ. ಕ್ರಮೇಣ ಅವಳು ಏಳುವುದನ್ನು ಬಿಟ್ಟಳು. ನಾನು ಬಸ್ಸಿನ ಇನ್ನೊಂದು ಬದಿಯ ಸೀಟು ಹುಡುಕತೊಡಗಿದೆ.

ಕಡೆಗೂ ಹೊಸ ಅಧಿಕಾರಿ ಬಂದರು. ಸಣ್ಣ ವಯಸ್ಸಿನ ಹೆಣ್ಣುಮಗಳು. ಮೊದಲ ವಿಚಾರಣೆಯ ದಿನ ಕಡತ ಓದಿ ದೇವುವನ್ನು ನೋಡಿ, “ಕೃತಕ ಕಾಲಿನಿಂದ ಚೆನ್ನಾಗಿ ನಡೀತೀರಿ ಅಂತ ಇದೆ. ಕಾಲು ಎಲ್ಲಿದೆ? ಮುಂದಿನ ಸಲ ತಗೊಂಡು ಬನ್ನಿ, ನೋಡೋಣ” ಎಂದರು. ನಮ್ಮ ಓಣಿಯ ಮೂಳೆ ಡಾಕ್ಟರಿಗೂ ಬರಲು ಪತ್ರ ಕಳಿಸಿದರು.

ಆ ಮುಂದಿನ ಸಲ ನಾನು ಕಚೇರಿಯ ಕಡತ ಹಿಡಿದು ಹಾಜರಿದ್ದೆ. ದೇವು ಕಾಲನ್ನು ಅಕ್ಕಿ ಚೀಲದಲ್ಲಿ ಹಾಕಿ ತಂದಿದ್ದ. ಲೀಲಾ ಚೀಲ ಬಿಚ್ಚಿದಾಗ ಅದರ ಮೇಲೆ ಬೂಷ್ಟು ಹಿಡಿದಿತ್ತು. ಅವಳು ಸೆರಗಿನಿಂದ ಒರೆಸಿದಳು. ಅವನಿಗೊಂದು ಕುರ್ಚಿ ಹಾಕಿಸಿ, “ಹಾಕ್ಕೊಳ್ಳಿ” ಎಂದರು ಅಧಿಕಾರಿ.

ಅವನು ಪ್ರಯತ್ನಿಸಿದ. ತೊಡೆ ಒಳಕ್ಕೆ ಇಳಿಯಲಿಲ್ಲ. ಲೀಲಾ ನೆಲಕ್ಕೆ ಮಂಡಿಯೂರಿ ಕೆಳಗಿನಿಂದ ಒತ್ತಿದಳು. ಇಳಿಯಿತು ಅನ್ನಿಸಿದಾಗ ಪಟ್ಟಿ ಕಟ್ಟಿಕೊಂಡು, ಮೇಜು ಹಿಡಿದು ನಿಲ್ಲಲು ನೋಡಿದ. ಸೊಂಟ ನೆಟ್ಟಗಾಗಲಿಲ್ಲ. ಕಾಲು ಮುಂದಕ್ಕೆ ಚಾಚಿಕೊಂಡೇ ಉಳಿಯಿತು, ಪಾದ ನೆಲ ಮುಟ್ಟಲಿಲ್ಲ. ಮತ್ತೊಮ್ಮೆ ನೋಡಿದ. ಅವನ ಮುಖದಲ್ಲಿ ನಾಚಿಕೆ ಇತ್ತು, ಪಾಠ ಒಪ್ಪಿಸಲು ಬಾರದವರ ನಾಚಿಕೆ.

“ಬರ್ತಿತ್ತು ಮೇಡಂ” ಎಂದ. “ಮೊದ್ಲು ಬರ್ತಿತ್ತು. ಇವ್ರು ನೋಡಿದ್ರು” ಎಂದು ನನ್ನ ಕಡೆ ಕೈ ತೋರಿಸಿದ.

ಅಧಿಕಾರಿ ನನ್ನನ್ನು ನೋಡಿದರು. “ಹೌದು ಮೇಡಂ. ನಾನು ಕಂಡಿದ್ದೇನೆ. ಚೆನ್ನಾಗಿ ನಡೀತಿದ್ದ” ಎಂದೆ. ನಮ್ಮ ಕಚೇರಿಯ ಆದೇಶದಲ್ಲಿದ್ದದ್ದೂ ಅದೇ ಮಾತು.

ಡಾಕ್ಟರು ಅಲ್ಲೇ ಅವನನ್ನು ಬೆಂಚಿನ ಮೇಲೆ ಮಲಗಿಸಿ ಸೊಂಟ ಒತ್ತಿ ನೋಡಿದರು. ಕಾಲು ಹಾಕಿದರೂ ಹಾಕದಿದ್ದರೂ ಊನದ ಪ್ರಮಾಣ ಒಂದೇ ಎಂದು ಬರೆದುಕೊಟ್ಟರು. ಅಧಿಕಾರಿ ಅಂದೇ ವಸೂಲಿ ರದ್ದು ಮಾಡಿದರು. ತಡೆಹಿಡಿದದ್ದನ್ನೆಲ್ಲ ಒಟ್ಟಿಗೆ ಕೊಡಬೇಕೆಂದು ಆದೇಶಿಸಿದರು. ಹೊರಗೆ ಬಂದ ಮೇಲೆ ಡಾಕ್ಟರು ನನ್ನನ್ನು ಬದಿಗೆ ಕರೆದು, ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ವ್ಯಾಯಾಮ ಮಾಡಿಸಿದರೆ ಸ್ವಲ್ಪ ಬಿಡಿಸಬಹುದು, ಅಷ್ಟಾದ ಮೇಲೆ ಹೊಸ ಕಾಲು ಬೇಕು, ಆದರೂ ಮೊದಲಿನಷ್ಟು ಆಗುವುದು ಅನುಮಾನ ಎಂದರು. ಲೀಲಾ ಬುಟ್ಟಿ ಬಿಟ್ಟು ತಿಂಗಳುಗಟ್ಟಲೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅವರು ಹೋಗಲಿಲ್ಲ.

ನಮ್ಮ ಸಾಹೇಬರಿಗೆ ಆದೇಶ ತೋರಿಸಿದಾಗ ಅವರು ನಿಜವಾಗಿಯೂ ಸಂತೋಷಪಟ್ಟರು. “ನೋಡಿ ಮೇಡಂ, ಕ್ರಮವಾಗಿ ಹೋದರೆ ನ್ಯಾಯ ಸಿಗುತ್ತೆ” ಎಂದರು. ನಾನು ಸೊಂಟದ ಸಂಗತಿ ಹೇಳಿದೆ. ಅವರು ಆದೇಶವನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ ಕಡತವನ್ನು ಮುಕ್ತಾಯ ಮಾಡಲು ಹೇಳಿದರು.

ಹೊಸಬರಿಗೆ ನಾನು ಇದರಿಂದ ಏನು ಹೇಳಲಿ? ಇಂಥ ಸಂದರ್ಭದಲ್ಲಿ ಚೀಟಿ ಬರೆದುಕೊಡಿ ಎಂದು ಹೇಳಿದರೆ ನಿಮ್ಮ ನೌಕರಿಗೆ ಕುತ್ತು ಬಂದೀತು. ಒಂದು ಮಾತ್ರ ಹೇಳಬಲ್ಲೆ. ತಡೆಹಿಡಿದದ್ದನ್ನು ಬಾಕಿ ಸಮೇತ ಕೊಟ್ಟಾಗ ಸರ್ಕಾರದ ಲೆಕ್ಕ ಸರಿಹೋಗುತ್ತದೆ. ಕಾಯುತ್ತಿದ್ದಷ್ಟು ದಿನ ಆ ಮನುಷ್ಯ ಏನು ಮಾಡುತ್ತಿದ್ದ, ಏನನ್ನು ಬಿಟ್ಟುಬಿಟ್ಟ ಎಂಬುದಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ಕಡತ ನಿಮ್ಮ ಮೇಜಿನ ಮೇಲಿರುವಾಗ ಅದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕೇಳಿಕೊಂಡರೆ ಏನಾದರೂ ಬದಲಾಗುತ್ತದೆ ಎಂದು ಭರವಸೆ ಕೊಡಲಾರೆ. ನಾನು ಕೇಳಿಕೊಂಡಿದ್ದೆ.

ನಿವೃತ್ತಿಗೆ ಸ್ವಲ್ಪ ಮೊದಲು ಬಾಳೆಗುಳಿಯಲ್ಲಿ ಇಳಿದು ಅವರ ಮನೆಗೆ ಹೋದೆ. ದೇವು ಜಗುಲಿಯಲ್ಲಿ ಕೂತು ಬಲೆ ನೇಯುತ್ತಿದ್ದ. ಮೀನುಗಾರರು ನೂಲು ತಂದುಕೊಡುತ್ತಾರಂತೆ. ನನ್ನನ್ನು ನೋಡಿ ಬಹಳ ಖುಷಿಪಟ್ಟ. ಮಗಳು ಶಾಲೆಗೆ ಹೋಗಿದ್ದಳು. ಅವಳ ಮಾರ್ಕು ಹೇಳಿದ. ಚಾ ಕುಡಿಸಿದರು, ಅವಲಕ್ಕಿ ಕೊಟ್ಟರು. ಮಾಸಾಶನ ಬ್ಯಾಂಕಿಗೆ ಸರಿಯಾಗಿ ಬರುತ್ತದೆ ಎಂದ. ಕೇಸಿನ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಹೊರಡಲು ಎದ್ದಾಗ ಅವನು ಊರುಗೋಲಿಗೆ ಕೈಹಾಕಿದ. ನಮ್ಮ ಕಡೆ ಮನೆಗೆ ಬಂದವರನ್ನು ರಸ್ತೆಯ ತನಕ ಬಿಟ್ಟು ಬರುವುದು ರೂಢಿ. ಅವರ ಮನೆಯಿಂದ ರಸ್ತೆಗೆ ಇಳಿಜಾರು, ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿತ್ತು.

“ಕೂತ್ಕಳಿ ನೀವು. ನಾ ಬಿಟ್ಟಿ ಬತ್ತೆ” ಎಂದಳು ಲೀಲಾ.

ಅವಳು ಮುಂದೆ, ನಾನು ಹಿಂದೆ ಇಳಿದೆವು. ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತೆವು. ನಾನೇ ಮಾತು ತೆಗೆದೆ. “ದೇವು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ಅದೇ ದೊಡ್ಡದು” ಎಂದೆ.

“ಇಲ್ಲ ಅಕ್ಕೋರೆ. ಅವ್ರಿಗೆ ನಿಮ್ಮ ಮ್ಯಾಲೆ ಸಿಟ್ಟಿಲ್ಲ” ಎಂದಳು. ರಸ್ತೆಯನ್ನೇ ನೋಡುತ್ತಿದ್ದಳು. “ನಂಗೆ ಅದೆ.”

ಕಾರವಾರದ ಬಸ್ಸು ಬಂತು. ಅವಳೇ ಕೈ ಅಡ್ಡ ಹಿಡಿದು ನಿಲ್ಲಿಸಿ, ನಾನು ಹತ್ತುವ ತನಕ ನನ್ನ ಚೀಲ ಹಿಡಿದುಕೊಂಡು ನಿಂತಿದ್ದಳು.